ಮುದ್ರೆ ಬಿದ್ದ ಮೇಲಿನ ಕೊಸರು

ಕೋವಿಡ್ ಸರಿದು ಕಚೇರಿಗಳು ಮತ್ತೆ ತುಂಬಿದ ಮರುವರ್ಷ. ನಾನಾಗ ಬೆಂಗಳೂರಿನ ಒಂದು ವಿಮಾನ ವಿನ್ಯಾಸ ಸಂಸ್ಥೆಯ ಗುಣಮಟ್ಟ ವಿಭಾಗದಲ್ಲಿ ಹಿರಿಯ ತಪಾಸಣಾಧಿಕಾರಿ. ನಿವೃತ್ತಿಗೆ ಹನ್ನೊಂದು ತಿಂಗಳು ಉಳಿದಿತ್ತು. ನನ್ನ ಕೆಲಸ ಹೇಳುವುದಕ್ಕೆ ಸರಳ: ಬಂದ ಭಾಗವನ್ನು ಅಳೆಯುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ವಾಪಸ್ ಕಳಿಸುವುದು. ಮೂವತ್ತನಾಲ್ಕು ವರ್ಷ ಅದನ್ನೇ ಮಾಡಿದೆ. ಎಷ್ಟು ಭಾಗ ಅಳೆದೆನೋ ಲೆಕ್ಕವಿಲ್ಲ. ಆರು ಫಲಕಗಳನ್ನು ಮಾತ್ರ ಮರೆಯಲು ಆಗಿಲ್ಲ.

ಆಗ ನಾವು ಸ್ಟೆಲ್ತ್ ಯುದ್ಧವಿಮಾನದ ಕೆಲಸದಲ್ಲಿದ್ದೆವು. ಸ್ಟೆಲ್ತ್ ಎಂದರೆ ಕಣ್ಣಿಗೇ ಕಾಣದ ವಿಮಾನ ಎಂದು ಜನ ತಿಳಿಯುತ್ತಾರೆ. ನನ್ನ ಅಕ್ಕನಂತೂ "ಮಾಯಾ ಆಗ್ತೈತೇನೋ ತಮ್ಮಾ?" ಎಂದು ಕೇಳಿದ್ದಳು. ಹಾಗೇನಿಲ್ಲ, ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ರಾಡಾರ್ ಕಳಿಸಿದ ಅಲೆ ತಿರುಗಿ ರಾಡಾರಿಗೇ ಹೋಗಬಾರದು, ಅಷ್ಟೇ. ಅದಕ್ಕಾಗಿ ಆಯುಧಗಳನ್ನು ರೆಕ್ಕೆಗೆ ತೂಗುಹಾಕದೆ ವಿಮಾನದ ಹೊಟ್ಟೆಯೊಳಗೆ ಇಡುತ್ತಾರೆ. ಎಂಜಿನ್ನಿಗೆ ಗಾಳಿ ಹೋಗುವ ದಾರಿಯನ್ನು ಬಳುಕಿಸಿ, ಎದುರಿನಿಂದ ಒಳಗಿನ ಅಲಗುಗಳು ಕಾಣದಂತೆ ಮಾಡುತ್ತಾರೆ. ಬಾಗಿಲುಗಳ ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸುತ್ತಾರೆ. ಇಷ್ಟಾದರೂ ಉಳಿಯುವ ಪ್ರತಿಫಲನವನ್ನು ನುಂಗಲು ಒಂದು ಲೇಪನ ಬೇಕು. ಲೇಪನದ ಮೇಲ್ಮೈಯಿಂದ ಮರಳುವ ಅಲೆಯೂ ತಳ ಮುಟ್ಟಿ ಮರಳುವ ಅಲೆಯೂ ಒಂದನ್ನೊಂದು ಅಳಿಸಬೇಕು. ಲೇಪನದ ದಪ್ಪ ಲೆಕ್ಕ ಹಾಕಿದಷ್ಟೇ ಇದ್ದರೆ ಮಾತ್ರ ಅದು ಆಗುತ್ತದೆ. ನಿಜವಾದ ಅಂಕಿ ಬರೆಯುವಂತಿಲ್ಲ. ತಿಳಿಯಲೆಂದು ಒಂದೂವರೆ ಮಿಲಿಮೀಟರ್ ಎಂದುಕೊಳ್ಳಿ. ಮಿಲಿಮೀಟರಿನ ಇಪ್ಪತ್ತರಲ್ಲೊಂದು ಪಾಲಿನಷ್ಟು ಏರುಪೇರಿಗೆ ಮಾಫಿ. ಅದಕ್ಕಿಂತ ಕಡಿಮೆಯಾದರೂ ಕೆಟ್ಟಿತು, ಹೆಚ್ಚಾದರೂ ಕೆಟ್ಟಿತು.

ಪೂರ್ಣ ಗಾತ್ರದ ಪರೀಕ್ಷಾ ಮಾದರಿಯಲ್ಲಿ, ಗಾಳಿ ಒಳಹೋಗುವ ಬಾಯಿಯ ಸುತ್ತ ಕೂರುವ ಆರು ಫಲಕಗಳಿಗೆ ಈ ಲೇಪನ ಬಳಿಯಬೇಕಿತ್ತು. ನಾನು ಬೈಲಹೊಂಗಲದವನು. ಊರ ಹೊರಗಿನ ಒಂದು ವರ್ಕ್‌ಶಾಪನ್ನು ಹಟ ಹಿಡಿದು ಪಟ್ಟಿಗೆ ಸೇರಿಸಿದವನು ನಾನೇ. ಅದರ ಮಾಲೀಕರಾದ ಗೌಡರು ಟ್ರ್ಯಾಕ್ಟರ್ ಟ್ರೇಲರ್ ಮಾಡಿಸುತ್ತಿದ್ದರು. ಅವರಲ್ಲಿ ಬಣ್ಣ ಹೊಡೆಯುತ್ತಿದ್ದ ದಸ್ತಗೀರಸಾಬರ ಕೈಗೆ ನಾನು ಮರುಳಾಗಿದ್ದೆ. ಸ್ಪ್ರೇ ಗನ್ ಹಿಡಿದು ಈ ತುದಿಯಿಂದ ಆ ತುದಿಗೆ ಪೂರ್ತಿ ಒಂದು ಸಲ ಹೊಡೆದರೆ ಅದನ್ನು ಅವರು 'ಒಂದು ಕೈ' ಅನ್ನುತ್ತಿದ್ದರು. ಒಂದು ಕೈಗೆ ಕೂರುವುದು ಮಿಲಿಮೀಟರಿನ ಹತ್ತರಲ್ಲೊಂದು ಪಾಲು. ಹದಿನೈದು ಕೈಗೆ ಒಂದೂವರೆ ಮಿಲಿಮೀಟರ್. ನಮ್ಮಲ್ಲಿ ಯಂತ್ರ ಬಳಿದ ಫಲಕಗಳೂ ಅಷ್ಟು ಸಮ ಇರಲಿಲ್ಲ. ಈ ಕೆಲಸವನ್ನು ನಂಬಿ ಗೌಡರು ಟ್ರೇಲರ್ ಕೆಲಸ ಬಿಟ್ಟು, ಧೂಳು ಬಾರದ ಕೋಣೆ ಕಟ್ಟಿಸಿದರು. ಆರು ಫಲಕ ಪಾಸಾದರೆ ಮುಂದಿನ ಕೆಲಸವೆಲ್ಲ ಅವರದು. ಹದಿನಾಲ್ಕು ಜನರ ಅನ್ನ ಆ ಫಲಕಗಳ ಮೇಲಿತ್ತು.

ತಪಾಸಣೆಯ ದಿನ ವರ್ಕ್‌ಶಾಪಿಗೇ ಹೋಗಿ ಒಂದೊಂದು ಫಲಕವನ್ನೂ ನಲವತ್ತು ಕಡೆ ಅಳೆದೆ. ಎಳ್ಳಷ್ಟೂ ತಪ್ಪಿಲ್ಲ. ಸಂತೋಷದಿಂದಲೇ ಹಿಂಬದಿಗೆ ಮುದ್ರೆ ಒತ್ತಿದೆ. ಮುದ್ರೆ ಬಿದ್ದ ಮೇಲೆ ತಪಾಸಣಾಧಿಕಾರಿಯ ಅನುಮತಿಯಿಲ್ಲದೆ ಭಾಗವನ್ನು ಯಾರೂ ಮುಟ್ಟುವಂತಿಲ್ಲ. ವಿಮಾನದ ಕೆಲಸದಲ್ಲಿ ಇದಕ್ಕಿಂತ ದೊಡ್ಡ ನಿಯಮವಿಲ್ಲ.

ಹೊರಡುವ ಹೊತ್ತಿಗೆ ನಾನು ಜೀಪಿನ ಪಕ್ಕ ಫೋನಿನಲ್ಲಿದ್ದೆ. ದಸ್ತಗೀರಸಾಬರ ತಮ್ಮನಿಗೆ ಯರಗಟ್ಟಿಯಲ್ಲಿ ಕಾಳುಕಡಿ ಅಂಗಡಿ. ಅಲ್ಲಿಂದ ನನಗೆಂದು ತರಿಸಿದ ಐದು ಕೇಜಿ ಶೇಂಗಾದ ಚೀಲ ಸೀಟಿನ ಮೇಲಿತ್ತು. ಅವರು ಹತ್ತಿರ ಬಂದು ಕೇಳಿದರು:

"ಸಾಹೇಬ್ರ, ಅಳತಿ ಮುಗೀತಲ್ರಿ. ಇನ್ನ ಕೊಸರು ಹಾಕ್ಲೇನ್ರಿ?"

ನಮ್ಮ ಕಡೆ ಸಂತೆಯಲ್ಲಿ ತೂಕ ಮುಗಿದ ಮೇಲೆ ಚೀಲಕ್ಕೆ ಇನ್ನೊಂದು ಹಿಡಿ ಹಾಕುತ್ತಾರೆ. ಅದು ಕೊಸರು. ಹಾಕದವನನ್ನು ಕಂಜೂಸ್ ಅನ್ನುತ್ತಾರೆ. ನಾನು ಶೇಂಗಾದ ಚೀಲ ನೋಡಿ ನಕ್ಕೆ.

"ಹಾಕ್ರಿ, ಹಾಕ್ರಿ. ಬ್ಯಾಡಂದ್ರ ಬಿಡವ್ರೇನ್ ನೀವು?"

ಅವರ ಮುಖ ಅರಳಿತು. ಸೀದಾ ಒಳಗೆ ಹೋದರು. ನಾನು ಫೋನಿಗೆ ಮರಳಿದೆ. ಚೀಲಕ್ಕೆ ಯಾರೂ ಒಂದು ಹಿಡಿಯನ್ನೂ ಹಾಕಲಿಲ್ಲ ಎಂಬುದು ಬೆಂಗಳೂರು ಮುಟ್ಟಿದರೂ ನನಗೆ ಹೊಳೆಯಲಿಲ್ಲ.

ಮೂರು ವಾರದ ಮೇಲೆ ಮಾದರಿಯನ್ನು ಕಂಬದ ಮೇಲೇರಿಸಿ ರಾಡಾರ್ ಹಾಯಿಸಿದೆವು. ಪರದೆಯ ಮೇಲೆ ಇಡೀ ವಿಮಾನ ಮಸುಕಾಗಿತ್ತು, ಗಾಳಿ ಹೋಗುವ ಬಾಯಿಯೊಂದೇ ಝಗಝಗ ಹೊಳೆಯುತ್ತಿತ್ತು. ಫಲಕಗಳನ್ನು ಇಳಿಸಿ ಮತ್ತೆ ಅಳೆದರೆ ಆರಕ್ಕೆ ಆರೂ ಮಿಲಿಮೀಟರಿನ ಹತ್ತರಲ್ಲೊಂದು ಪಾಲು ಹೆಚ್ಚು. ನಲವತ್ತು ಕಡೆ ಅಳೆದರೂ ಅಷ್ಟೇ ಹೆಚ್ಚು. ಅಷ್ಟು ಸಮನಾದ ಹದಿನಾರನೆಯ ಕೈ ಯಾರದೆಂದು ನನಗೆ ಯಾರೂ ಹೇಳಬೇಕಿರಲಿಲ್ಲ.

ವಿಚಾರಣೆಗೆ ಗೌಡರನ್ನೂ ದಸ್ತಗೀರಸಾಬರನ್ನೂ ಬೆಂಗಳೂರಿಗೆ ಕರೆಸಿದರು. ಮುದ್ರೆ ಬಿದ್ದ ಮೇಲೆ ಮತ್ತೆ ಬಳಿದದ್ದೇಕೆ ಎಂದು ಸಮಿತಿಯ ಅಧ್ಯಕ್ಷೆ ಕೇಳಿದರು.

"ಕೊಸರು ಹಾಕೇನ್ರಿ, ಮೇಡಮ್ಮಾರ. ದೇಶದ್ದ ಇಮಾನ. ಅಳತಿಗೆ ತಕ್ಕಷ್ಟ ಕೊಟ್ಟು ಕೈ ತೊಳಕೊಳ್ಳೂದು ಹೆಂಗ್ರಿ? ಇನ್ನೊಂದ್ ಕೈ ಇದ್ರ ದುಶ್ಮನ್‌ಗೆ ಇನ್ನೂ ಕಾಣ್ಸಂಗಿಲ್ಲ ಅಂತ ತಿಳದ್ನಿರಿ."

ಯಾರೋ ಕಿಸಕ್ಕೆಂದು ನಕ್ಕರು. ನನಗೆ ಜೀಪು, ಶೇಂಗಾ, ನನ್ನ 'ಹಾಕ್ರಿ, ಹಾಕ್ರಿ' ಎಲ್ಲ ಆ ಕ್ಷಣದಲ್ಲಿ ನೆನಪಾದವು. ಎಲ್ಲಿಯ ರಾಡಾರು, ಎಲ್ಲಿಯ ಯರಗಟ್ಟಿ ಸಂತೆ!

"ಅನುಮತಿ ಯಾರಾದರೂ ಕೊಟ್ಟಿದ್ದರೇ?"

ದಸ್ತಗೀರಸಾಬರು ನನ್ನ ಕಡೆ ನೋಡಿದರು. ದೂರುವ ನೋಟವಲ್ಲ, ಕಾಯುವ ನೋಟ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು: ಮೇಡಂ, ತಪ್ಪು ತಿಳಿದು ಹೂಂ ಅಂದವನು ನಾನು. ತಪ್ಪು ನನ್ನ ತಲೆಗೆ ಬರುತ್ತಿತ್ತು, ವರ್ಕ್‌ಶಾಪ್ ಉಳಿಯುತ್ತಿತ್ತು. ನನ್ನ ಬಾಯಲ್ಲಿ ಕಡುಬು ಇತ್ತೇ? ಹೆದರಿಕೆ ಇತ್ತು. ನಿವೃತ್ತಿ ಹತ್ತಿರ ಬಂದಿತ್ತು, ಸೇವಾ ದಾಖಲೆಯಲ್ಲಿ ಒಂದು ಕಪ್ಪು ಚುಕ್ಕೆಯೂ ಇರಲಿಲ್ಲ. ನಾನು ಎದುರಿನ ಕಾಗದ ನೋಡುತ್ತ ಕೂತೆ.

ಕೊನೆಗೆ ದಸ್ತಗೀರಸಾಬರೇ ಹೇಳಿದರು, "ಯಾರೂ ಇಲ್ರಿ. ನಂದ ಬುದ್ಧಿ."

ವರದಿಯಲ್ಲಿ 'ಕೆಲಸಗಾರನ ತಪ್ಪು' ಎಂದು ಬರೆದದ್ದು ನನ್ನ ಕೈಯೇ. ಥೂ! ವರ್ಕ್‌ಶಾಪಿನ ಹೆಸರು ಪಟ್ಟಿಯಿಂದ ಹೋಯಿತು. ಹೊರಗೆ ಗೌಡರು "ನಿಮ್ಮನ್ನ ನಂಬಿದ್ವಿರಿ ಸಾಹೇಬ್ರ" ಅಂದರು. ಫಲಕಗಳನ್ನು ನಾವೇ ಉಜ್ಜಿ ಸರಿ ಮಾಡಿದೆವು. ಹಿಡಿದದ್ದು ಒಂಬತ್ತು ದಿನ. ಒಂಬತ್ತು ದಿನದ ತಪ್ಪಿಗೆ ಹದಿನಾಲ್ಕು ಜನ ಚದುರಿಹೋದರು. ಹಳೆಯ ಟ್ರೇಲರ್ ಗಿರಾಕಿಗಳು ಅಷ್ಟರಲ್ಲಿ ಮುನವಳ್ಳಿಯ ವರ್ಕ್‌ಶಾಪುಗಳ ಕಡೆ ಹೋಗಿದ್ದರು. ಇಮಾನ ಕೆಡಿಸಿದವನೆಂದು ದಸ್ತಗೀರಸಾಬರ ಕೈಗೆ ಮತ್ತೆ ಯಾರೂ ಸ್ಪ್ರೇ ಗನ್ ಕೊಡಲಿಲ್ಲ. ನನಗೆ ಮಾತ್ರ ನಿವೃತ್ತಿಯ ದಿನ ಶಾಲು, ಹಾರ, ಫಲಪುಷ್ಪ ಎಲ್ಲ ಸಿಕ್ಕವು.

ಹೋದ ವರ್ಷ ಧೈರ್ಯ ಮಾಡಿ ಯರಗಟ್ಟಿಗೆ ಹೋದೆ. ದಸ್ತಗೀರಸಾಬರು ತಮ್ಮನ ಅಂಗಡಿಯಲ್ಲಿ ತಕ್ಕಡಿಯ ಮುಂದೆ ಕೂತಿದ್ದರು. ನಮಸ್ಕಾರ ಮಾಡಿದರು, ಚಹಾ ಹೇಳಿದರು. ಒಂದು ಕೇಜಿ ಶೇಂಗಾ ಕೇಳಿದೆ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ಸುರಿದು, ಒಂದೊಂದೇ ಕಾಯಿ ತೆಗೆಯುತ್ತ ಅಂಕಿ ಸರಿಯಾಗಿ ಒಂದು ಕೇಜಿಗೆ ನಿಲ್ಲುವವರೆಗೆ ಬಿಡಲಿಲ್ಲ. ಆಮೇಲೆ ಚೀಲದ ಬಾಯಿ ಕಟ್ಟಿದರು.

ನನಗೆ ತಡೆಯಲಾಗಲಿಲ್ಲ. "ಅವತ್ತ ನನ್ನ ಹೆಸರ ಯಾಕ ಹೇಳ್ಲಿಲ್ರಿ, ದಸ್ತಗೀರಸಾಬ್ರ?"

"ನೀವ ಹೇಳ್ತೀರಿ ಅಂತ ಕಾಯಾಕತ್ತಿದ್ನಿರಿ," ಅಂದರು. ಅಷ್ಟು ಹೇಳಿ ಮುಂದಿನ ಗಿರಾಕಿಯ ಕಡೆ ತಿರುಗಿದರು.

ಮುದ್ರೆ ಒತ್ತುವವನು ನಗುತ್ತ ಆಡಿದ ಮಾತೂ ಮುದ್ರೆಯೇ, ಆಡದೆ ನುಂಗಿದ ಮಾತೂ ಮುದ್ರೆಯೇ. ಮೂವತ್ತನಾಲ್ಕು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟು. ಕಲಿಯುವ ಹೊತ್ತಿಗೆ, ಕೊಸರು ಹಾಕದೆ ಇರಲಾರದ ಒಬ್ಬ ಮನುಷ್ಯನಿಗೆ ಕಾಯಿ ಎಣಿಸಿ ತೂಗುವುದನ್ನು ಕಲಿಸಿಬಿಟ್ಟಿದ್ದೆ.