ಕೆಂಪಣ್ಣನ ಮೊದಲ ಪಾಠ

ಕಿರಂಗೂರಿನ ಕೆಂಪಣ್ಣ ನಾಲೆಯಿಂದ ಗದ್ದೆಗಳಿಗೆ ನೀರು ಬಿಡುವ ನೀರುಗಂಟಿ ಕೆಲಸ ಮಾಡಿ ಮುದುಕನಾದವನು. ಬೇಸಿಗೆ ಬಂತೆಂದರೆ ತನ್ನ ಹೊಲದ ಮೆಟ್ಟಿಲು ಬಾವಿಯಲ್ಲಿ ಊರ ಮಕ್ಕಳಿಗೆ ಈಜು ಕಲಿಸುವುದೇ ಅವನಿಗೆ ಹಬ್ಬ. ಯಾರ ಮನೆಯ ಮಗುವಾದರೂ ಸೊಂಟಕ್ಕೆ ಅದೇ ಹಳೇ ಹಗ್ಗ, ತೇಲಲು ಬೆನ್ನಿಗೆ ಅದೇ ಖಾಲಿ ಎಣ್ಣೆ ಕ್ಯಾನು. ನೀರು ತಳಕ್ಕಿಳಿದು ಬಿಸಿಲಿಗೆ ಬೆಚ್ಚಗಾಗಲಿ ಎಂದು ಕಾಯುತ್ತಿದ್ದ. ತಣ್ಣೀರಿಗಿಳಿದ ಮಕ್ಕಳಿಗೆ ಶೀತವಾದೀತು ಎಂಬ ಕಾಳಜಿ.

ಅವನ ಮೊದಲ ಪಾಠ ಕೈಕಾಲು ಬಡಿಯುವುದಲ್ಲ. ಬೊಗಸೆಯಲ್ಲಿ ನೀರು ಹಿಡಿದು ಮೂಗಿನಿಂದ ಮೇಲಕ್ಕೆಳೆಯಬೇಕು. ನೆತ್ತಿ ಚುರ್ರೆಂದು ಕಣ್ಣು ತುಂಬಿದರೆ ಪಾಸು. "ಒಂದ್ಸಲ ನೆತ್ತಿಗ್ ಹತ್ಬುಟ್ರೆ ಆಮೇಲೆ ನೀರಿನ್ ಭಯ ಇರಾಕಿಲ್ಲ ಕಣ್ರೋ" ಎನ್ನುತ್ತಿದ್ದ. ಅವನಪ್ಪ ಅವನಿಗೆ ಹಾಗೇ ಕಲಿಸಿದ್ದು.

ಈ ಬೇಸಿಗೆ ಮೊಮ್ಮಗಳು ಚಿನ್ನುವಿನ ಸರದಿ. ತಾತನ ಬೊಗಸೆಯಿಂದಲೇ ನೀರೇರಿಸಿ, ಕೆಮ್ಮಿ, ನಕ್ಕಳು. ವಾರ ಕಳೆಯುವುದರೊಳಗೆ ತಲೆನೋವು, ಸುಡುವ ಜ್ವರ, ವಾಂತಿ. ಕತ್ತು ಬಗ್ಗಿಸಲಾಗದೆ ಮಲಗಿದವಳು ತಾತನನ್ನೇ ನೋಡಿ ಯಾರಿದು ಎಂದಾಗ ಮನೆಯವರು ಅವಳನ್ನೆತ್ತಿಕೊಂಡು ಓಡಿದರು.

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕೇಳಿದರು: "ಮಗು ಈಚೆಗೆ ಕೆರೆ, ಬಾವಿಗೆ ಇಳಿದಿತ್ತಾ? ಮೂಗಿಗೆ ನೀರು ಹೋಗಿತ್ತಾ?"

"ಇಲ್ಲ ಮೇಡಂ, ಮೆಟ್ಲ ಮೇಲೆ ಆಡ್ಕಂಡಿತ್ತು ಅಷ್ಟೇಯ" ಎಂದ ಮಗ ಸಂತೋಷ್, ಅಪ್ಪನ ಮುಖ ನೋಡದೆ. ಸೊಸೆ ರಂಜಿತಳೂ ತಲೆಯಾಡಿಸಿದಳು. ಇಬ್ಬರೂ ಮುದುಕನ ಮಾನ ಕಾಯುತ್ತಿದ್ದರು.

"ಯಾಕ್ ಕೇಳ್ತೀರವ್ವಾ?" ಎಂದ ಕೆಂಪಣ್ಣ.

"ನಿಂತ ಬೆಚ್ಚಗಿನ ನೀರಲ್ಲಿ ಕಣ್ಣಿಗೆ ಕಾಣದ ಒಂದು ಹುಳ ಇರಬಹುದು ಅಜ್ಜ. ಕುಡಿದರೆ ಏನೂ ಮಾಡಲ್ಲ, ಮೂಗಿಂದ ಹೋದರೆ ಮೆದುಳಿಗೆ ಹತ್ತುತ್ತೆ. ತುಂಬ ಅಪರೂಪ. ಆದರೆ ಬಂದವರು ಉಳಿಯೋದು ಕಷ್ಟ. ಅದೇ ಇರಬಹುದು ಅಂದರೆ ಈಗಲೇ ಔಷಧಿ ಶುರು ಮಾಡಬೇಕು."

ಕೆಂಪಣ್ಣನ ಕೈ ತಾನಾಗಿ ಬೊಗಸೆಯಾಯಿತು. ಅದನ್ನೇ ನೋಡುತ್ತ ನಿಂತ. ತನ್ನ ಬಾವಿ. ತಾನು ಕಾದು ಬೆಚ್ಚಗಾಗಿಸಿದ ನೀರು.

"ಇವ್ರು ಸುಳ್ ಯೋಳ್ತಾವ್ರೆ ಕಣವ್ವಾ. ನಾನೇ ಏರುಸ್ದೆ. ಈ ಕೈಲೇಯ."

ಡಾಕ್ಟರಮ್ಮ ನಿಂತಲ್ಲಿಂದಲೇ ನರ್ಸನ್ನು ಕೂಗಿದರು. ಮಗುವಿನ ಬೆನ್ನುಮೂಳೆಗೆ ಸೂಜಿ ಹಾಕಿ ತೆಗೆದ ನೀರಿನಲ್ಲಿ ಆ ಹುಳ ಸಿಕ್ಕಿತು. ಅಷ್ಟರಲ್ಲಿ ಔಷಧಿ ಒಳಗೆ ಇಳಿಯುತ್ತಿತ್ತು.

ಮರುದಿನ ಬಟ್ಟೆಬರೆ ತರಲು ಊರಿಗೆ ಬಂದ ಕೆಂಪಣ್ಣನಿಗೆ ಬಾವಿಯ ಕಡೆಯಿಂದ ನಗು ಕೇಳಿಸಿತು. ಚಿನ್ನುವಿನ ಗೆಳತಿ, ಅಜ್ಮತ್ ಉಲ್ಲಾನ ಮಗಳು ಉಮ್ಮೆ ಹಾನಿ, ಚಿಕ್ಕ ಮಕ್ಕಳನ್ನು ಮೆಟ್ಟಿಲ ಮೇಲೆ ಸಾಲಾಗಿ ಕೂರಿಸಿದ್ದಳು. ಬೊಗಸೆ ತುಂಬ ನೀರು, ಅವಳ ಮೂಗಿನ ಹತ್ತಿರ.

ಕೆಂಪಣ್ಣ ಚಪ್ಪಲಿ ಸಮೇತ ಇಳಿದು ಅವಳ ಮಣಿಕಟ್ಟು ಹಿಡಿದ. ನೀರು ಚೆಲ್ಲಿತು.

"ಯಾರಾರ ಏರುಸ್ಕಂಡ್ರಾ?"

"ಇಲ್ಲ ತಾತ, ನಾನೇ ಮೊದ್ಲು. ನೀನ್ ಇಲ್ವಲ್ಲ, ಅದ್ಕೇ ನಾನೇ ಮೇಷ್ಟ್ರು. ಕೈ ಬುಡು, ನೋಯ್ತದೆ."

ಜೇಬಿನಲ್ಲಿ ಫೋನು ಬಡಿದುಕೊಂಡಿತು. ಸಂತೋಷ್. "ಅಪ್ಪಾ, ಕಣ್ ಬುಟ್ಟವ್ಳೆ. ಅವ್ವನ್ ಗುರ್ತು ಇಡುದ್ಲು. ಇನ್ನೂ ಏನೂ ಯೋಳಕಾಗಕಿಲ್ಲ ಅಂತಾವ್ರೆ."

ಕೆಂಪಣ್ಣ ಊಂ ಎಂದ. ಹಿಡಿದ ಕೈ ಬಿಡಲಿಲ್ಲ. ಹಾಗೇ ಹಿಡಿದುಕೊಂಡು, ಉಳಿದ ಮಕ್ಕಳನ್ನು ಮುಂದೆ ಮಾಡಿ, ಒಬ್ಬೊಬ್ಬರನ್ನೇ ಮೇಲಕ್ಕೆ ಹತ್ತಿಸಿದ.