ಹಾಲಿನ ಮಂಚಯ್ಯ ಸಾಕಿದ ಹವಳ

ಬಾಬುರಾಯನಕೊಪ್ಪಲಿನಲ್ಲಿ ಮಂಚಯ್ಯನ ಕಣ್ಣಿಗೆ ಮಣ್ಣೆರಚಿ, ಹಾಲಿಗೆ ನೀರು ಬೆರೆಸಿ ದಕ್ಕಿಸಿಕೊಂಡವರು ಯಾರೂ ಇರಲಿಲ್ಲ. ಮೈಸೂರು ರಸ್ತೆಯ ಮಗ್ಗುಲಿನ ಹಾಲಿನ ಕೇಂದ್ರದಲ್ಲಿ ಬೆಳಗ್ಗೆ ಸಂಜೆ ಕೂತು, ಬಂದ ಹಾಲಿಗೆಲ್ಲ ಲ್ಯಾಕ್ಟೋಮೀಟರೆಂಬ ಗಾಜಿನ ಕಡ್ಡಿ ಬಿಟ್ಟು ನೋಡುವುದು ಅವನ ಕೆಲಸ. ಕಡ್ಡಿ ಇಪ್ಪತ್ತೆಂಟು ತೋರಿಸಿದರೆ ಹಾಲು ಒಳಕ್ಕೆ, ಕಡಿಮೆ ತೋರಿಸಿದರೆ ತಂದವರ ಜೊತೆಗೇ ವಾಪಸ್ಸು. ಒಮ್ಮೆ ಸ್ವಂತ ಭಾವಮೈದುನನ ಹಾಲನ್ನೇ ಹತ್ತು ಜನರೆದುರು ಹಿಂದಕ್ಕೆ ಕಳಿಸಿ ಒಂದು ವರ್ಷ ನೆಂಟಸ್ತಿಕೆ ಕೆಡಿಸಿಕೊಂಡಿದ್ದ. ಇಂಥ ನೇರ ಮನುಷ್ಯನಿಗೆ ಒಂದೇ ಒಂದು ಕೆಟ್ಟ ಗುಣ. ಏನನ್ನೂ ಯಾಕೆ ಎಂದು ಬಿಡಿಸಿ ಹೇಳುತ್ತಿರಲಿಲ್ಲ. ಕೂಡದು ಎಂದರೆ ಕೂಡದು, ಅಷ್ಟೇ. ಊರಿನವರು ಅದನ್ನು ಗತ್ತು ಅಂದುಕೊಂಡಿದ್ದರು. ಹೆಂಡತಿ ಸಿದ್ದಲಿಂಗಮ್ಮ ಇಪ್ಪತ್ತೈದು ವರ್ಷ ಅದರ ಜೊತೆ ಏಗಿಕೊಂಡು ಬಂದಿದ್ದಳು. ಆ ಗುಣವೇ ಒಂದು ದಿನ ಮನೆಯನ್ನು ತಿಂದುಹಾಕುತ್ತದೆಂದು ಇಬ್ಬರಿಗೂ ತಿಳಿದಿರಲಿಲ್ಲ.

ಅವರ ಒಬ್ಬನೇ ಮಗ ನಾಗರಾಜು. ರಾಮೇಶ್ವರದ ಕಡೆ ಸಮುದ್ರದ ದಂಡೆಯಲ್ಲಿ, ಕಡಲಿನ ಜೀವಗಳನ್ನು ಅಭ್ಯಾಸ ಮಾಡುವ ಒಂದು ಆಫೀಸಿನಲ್ಲಿ ದೋಣಿಯ ಕೆಲಸಕ್ಕಿದ್ದ. ೧೯೬೪ರ ಯುಗಾದಿಗೆ ಊರಿಗೆ ಬಂದಾಗ ಹೋಳಿಗೆ ತಿನ್ನುವುದಕ್ಕಿಂತ ಮೊದಲು ಗಾಡಿಯಿಂದ ಇಳಿಸಿದ್ದು, ಬಿದಿರುಬುಟ್ಟಿಯಲ್ಲಿ ಹುಲ್ಲು ಒತ್ತಿ ಕೂರಿಸಿದ ನಾಲ್ಕು ದೊಡ್ಡ ಗಾಜಿನ ಜಾಡಿಗಳನ್ನು. ಅವುಗಳ ತುಂಬ ಸಮುದ್ರದ ನೀರು. ಜೊತೆಗೆ ಒದ್ದೆ ಗೋಣಿಯಲ್ಲಿ ತೂತುತೂತಾದ ಕಲ್ಲು, ಬಿಳಿ ಮರಳು. ಇದೆಲ್ಲ ಯಾತಕ್ಕೆ ಎಂದು ತಾಯಿ ಕೇಳಿದರೆ, ಅವಳ ಕೊರಳಿನ ಹವಳದ ಸರವನ್ನು ಬೆರಳಲ್ಲಿ ಎತ್ತಿ ತೋರಿಸಿದ.

"ಅವ್ವಾ, ಇದು ಜೀವ ಓದ್ಮೇಲೆ ಉಳಿಯೋ ಮೂಳೆ ಕಣವ್ವ. ಇದ್ರ ದಾಯಾದಿ ಜೀವಂತ ಐತೆ. ತಂದು ತೋರುಸ್ತೀನಿ ಇರು."

ಮರದ ಚೌಕಟ್ಟಿಗೆ ಕಿಟಕಿಯ ಗಾಜು ಕೂರಿಸಿ, ಸಂದಿಗೆ ಡಾಂಬರು ಮೆತ್ತಿ, ಎರಡು ಮೊಳ ಉದ್ದದ ತೊಟ್ಟಿ ಮಾಡಿ ಜಗುಲಿಯ ಮೂಡಣ ಕಿಟಕಿಯ ಕೆಳಗಿಟ್ಟರು. ನೀರು, ಮರಳು, ಕಲ್ಲು ಬಿತ್ತು. ಮೂರು ತಿಂಗಳು ಬೇರೇನೂ ಬೀಳಲಿಲ್ಲ. ಹೊಸ ನೀರಿಗೆ ಹವಳ ಹಾಕಿದರೆ ಉಳಿಯುವುದಿಲ್ಲ, ಕಲ್ಲಿನೊಳಗಿರುವ ಕಣ್ಣಿಗೆ ಕಾಣದ ಜೀವಗಳು ಮೊದಲು ನೀರನ್ನು ಪಳಗಿಸಬೇಕು ಎಂದು ನಾಗರಾಜು ಹೇಳಿ ಹೋಗಿದ್ದ. ಒಂದು ಮೀನೂ ಇಲ್ಲದ ಸಮುದ್ರ ಸಾಕಿದ್ದಾನೆಂದು ಹಾಲು ತಂದವರು ಮಂಚಯ್ಯನನ್ನು ಆಡಿಕೊಂಡರು.

ಆಷಾಢದಲ್ಲಿ ನಾಗರಾಜು ಮತ್ತೆ ಬಂದು ಹವಳ ತಂದ. ಮುಷ್ಟಿ ಗಾತ್ರದ, ಮಾಸಲು ಕಂದುಬಣ್ಣದ ಕಲ್ಲು. ನೋಡಿದ ಸಿದ್ದಲಿಂಗಮ್ಮನಿಗೆ ನಿರಾಸೆಯಾಯಿತು. ಸಂಜೆ ದೀಪ ಹಚ್ಚುವ ಹೊತ್ತಿಗೆ ಆ ಕಲ್ಲಿನ ಮೈಯಿಂದ ಸಣ್ಣ ಸಣ್ಣ ಬೆರಳುಗಳು ಹೊರಬಂದು ನೀರಲ್ಲಿ ಆಡತೊಡಗಿದವು. ಅವಳು ಕೈಯಲ್ಲಿದ್ದ ಬತ್ತಿಯನ್ನು ಮರೆತು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟಳು.

ಅದನ್ನು ಬದುಕಿಸಿಕೊಳ್ಳುವ ಪಾಠವನ್ನು ನಾಗರಾಜು ಅಪ್ಪನಿಗೆ ಹೇಳಿಕೊಟ್ಟ. ಎಳೆಬಿಸಿಲು ಬೀಳಬೇಕು, ಅದರ ಊಟವೆಲ್ಲ ಹೆಚ್ಚಾಗಿ ಬೆಳಕೇ. ನೀರು ಅಲುಗಾಡುತ್ತಿರಬೇಕು, ಅದಕ್ಕೆ ಹಳೇ ಲಾರಿ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿ, ಸಣ್ಣ ರಬ್ಬರು ಕೊಳವೆಯಲ್ಲಿ ಒಂದೊಂದೇ ಗುಳ್ಳೆ ಬರುವಂತೆ ಬಿಗಿ ಮಾಡಿ ಬಿಟ್ಟ. ಬಿಸಿಲಿಗೆ ಆರುವುದು ನೀರು ಮಾತ್ರ, ಉಪ್ಪು ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಗಾಜಿನ ಮೇಲೆ ಗೀಚಿದ ಗೆರೆಯವರೆಗೆ ಮಳೆನೀರನ್ನೇ ತುಂಬಬೇಕು, ಉಪ್ಪುನೀರು ಹಾಕಿದರೆ ಕೆಟ್ಟಿತು. ಉಪ್ಪು ಎಷ್ಟಿದೆ ಎಂದು ನೋಡುವುದು ಹೇಗೆ? ಮಂಚಯ್ಯ ಹಾಲಿನ ಕಡ್ಡಿ ತಂದು ತೇಲಿಬಿಟ್ಟ. ಇಪ್ಪತ್ತೈದಕ್ಕೆ ನಿಂತಿತು. ಆಫೀಸಿನ ಸಾಹೇಬರ ದೊಡ್ಡ ಸಲಕರಣೆ ಹೇಳುವುದೂ ಅಷ್ಟೇ ಎಂದು ಮಗ ನಕ್ಕುಬಿಟ್ಟ. ಮಂಚಯ್ಯನಿಗೆ ಹವಳದ ಮೇಲೆ ಪ್ರೀತಿ ಹುಟ್ಟಿದ್ದು ಆ ಗಳಿಗೆಯಲ್ಲಿ.

ಹೊರಡುವ ದಿನ ಬಸ್ಸು ಹತ್ತುವ ಮುಂಚೆ ನಾಗರಾಜು ಇನ್ನೊಂದು ಮಾತು ಹೇಳಿದ. "ಅಪ್ಪಾ, ತಾಮ್ರ ಇತ್ತಾಳೆ ಮಾತ್ರ ಆ ನೀರ್ಗೆ ಸೋಕ್ಬಾರ್ದು. ಒಂದ್ ಚೂರು ಬಿದ್ರೂ ಅದ್ಕೆ ಇಷ. ಅವ್ವಂಗೂ ಏಳ್ಬುಡು."

ಮಂಚಯ್ಯ ತಲೆಯಾಡಿಸಿದ. ಮನೆಗೆ ಬಂದು ಹೆಂಡತಿಗೆ ಹೇಳಿದ್ದು, ತೊಟ್ಟಿಯ ನೀರನ್ನು ಮುಟ್ಟಬೇಡ ಎಂಬಷ್ಟನ್ನೇ. ತಾಮ್ರದ ಮಾತು ಅವನ ಹೊಟ್ಟೆಯಲ್ಲೇ ಉಳಿಯಿತು. ಹೆಂಗಸಿಗೆ ಅದೆಲ್ಲ ಯಾಕೆ ಎಂದುಕೊಂಡನೋ, ಹೇಳಿಯೇ ಅಭ್ಯಾಸವಿಲ್ಲದ ನಾಲಗೆ ಹೊರಳಲಿಲ್ಲವೋ. ತಾಮ್ರವೆಂದರೆ ನೀರನ್ನು ಶುದ್ಧ ಮಾಡುವ ಲೋಹ ಎಂದು ನಂಬಿದ ಮನೆ ಅದು. ಕುಡಿಯುವ ನೀರಿಗೆ ತಾಮ್ರದ ಬಿಂದಿಗೆ, ಪೂಜೆಗೆ ತಾಮ್ರದ ಚೊಂಬು. ಅಂಥ ಮನೆಯಲ್ಲಿ ಹೇಳಲೇಬೇಕಾದ ಮಾತು ಅದೊಂದೇ ಆಗಿತ್ತು.

ಅಕ್ಟೋಬರಿನಲ್ಲಿ ಮಗನ ಕಾಗದ ನಿಂತುಹೋಯಿತು. ಎಂಟು ದಿನಕ್ಕೊಮ್ಮೆ ಬರುತ್ತಿದ್ದ ಕಾರ್ಡು ಮೂರು ವಾರವಾದರೂ ಬರಲಿಲ್ಲ. ಸಿದ್ದಲಿಂಗಮ್ಮ ಊಟ ಬಿಟ್ಟು ಹೊಸ್ತಿಲ ಮೇಲೆ ಕೂರಲು ಶುರುಮಾಡಿದಳು. ಸಮಾಧಾನ ಹೇಳಿ ಗೊತ್ತಿಲ್ಲದ ಮಂಚಯ್ಯ ಒಂದು ಸಂಜೆ, ಬೆರಳು ಬಿಚ್ಚಿಕೊಂಡು ಆಡುತ್ತಿದ್ದ ಹವಳದ ಕಡೆ ಕೈ ತೋರಿಸಿ, "ಅದು ಚೆನ್ನಾಗೈತಲ್ಲ? ಅಂಗಾರೆ ಅವ್ನೂ ಚೆನ್ನಾಗವ್ನೆ. ಎದ್ದು ಉಣ್ಣು," ಅಂದ. ಅವಳನ್ನು ಎಬ್ಬಿಸಲು ಬಾಯಿಗೆ ಬಂದ ಮಾತು ಅದು. ಅವಳು ಎದ್ದು ಉಂಡಳು. ಆದರೆ ಆ ಮಾತನ್ನು ಗಂಟುಹಾಕಿಕೊಂಡಳು. ಅಂದಿನಿಂದ ಅವಳ ಲೆಕ್ಕದಲ್ಲಿ ತೊಟ್ಟಿಯೊಳಗಿದ್ದದ್ದು ಕಲ್ಲಲ್ಲ, ಮಗನ ಉಸಿರು.

ಇನ್ನು ಮುಂದಿನದು ಮಂಚಯ್ಯನಿಗೆ ತಡವಾಗಿ ಗೊತ್ತಾದ ಸಂಗತಿ. ಶ್ರೀರಂಗಪಟ್ಟಣದ ಸೇತುವೆ ದಾಟುವಾಗ ಬಸ್ಸಿನಲ್ಲಿ ಕೂತವರು ಕೈಮುಗಿದು ಕಾವೇರಿಗೆ ಕಾಸು ಎಸೆಯುತ್ತಾರಲ್ಲ, ಅದಕ್ಕೆಂದೇ ಸಿದ್ದಲಿಂಗಮ್ಮ ದೇವರಗೂಡಿನ ಡಬ್ಬಿಯಲ್ಲಿ ಚಲಾವಣೆ ನಿಂತುಹೋದ ತಾಮ್ರದ ತೂತುಕಾಸುಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ಇಟ್ಟುಕೊಂಡಿದ್ದಳು. ಕಾವೇರಿ ಹೋಗಿ ಸೇರುವುದು ಸಮುದ್ರಕ್ಕೆ. ಮಗ ಇರುವುದು ಸಮುದ್ರದ ದಂಡೆಯಲ್ಲಿ. ಆ ಸಮುದ್ರದ ನೀರೇ ಜಗುಲಿಯ ಮೇಲಿದೆ. ನವೆಂಬರಿನ ಮೊದಲ ಸೋಮವಾರ, ಗಂಡ ಹಾಲಿನ ಕೇಂದ್ರಕ್ಕೆ ಹೋದ ಮೇಲೆ, ಅವಳು ಸ್ನಾನ ಮಾಡಿ ಒಂದು ತೂತುಕಾಸನ್ನು ಕಣ್ಣಿಗೊತ್ತಿಕೊಂಡು ತೊಟ್ಟಿಗೆ ಬಿಟ್ಟಳು. ನೀರನ್ನು ಮುಟ್ಟಲಿಲ್ಲ, ಗಂಡನ ಮಾತು ಮೀರಲಿಲ್ಲ. ಕಾಸು ಕಲ್ಲುಗಳ ನಡುವೆ ಮರಳಿಗೆ ಸೇರಿತು. ಮೂರನೆಯ ದಿನ ಕಾರ್ಡು ಬಂತು: ದೋಣಿಯ ಮೇಲೆ ದೂರದ ದ್ವೀಪಕ್ಕೆ ಹೋಗಿದ್ದೆ, ಕ್ಷೇಮ. ಇನ್ನು ಅವಳನ್ನು ಯಾರು ತಡೆದಾರು? ಪ್ರತಿ ಸೋಮವಾರ ಒಂದು ಕಾಸು ಬಿತ್ತು.

ತಿಂಗಳು ಮುಗಿಯುವ ಹೊತ್ತಿಗೆ ಹವಳದ ಬೆರಳುಗಳು ಪೂರ್ತಿ ಹೊರಗೆ ಬರುವುದನ್ನು ನಿಲ್ಲಿಸಿದವು. ಮಂಚಯ್ಯ ಕಡ್ಡಿ ಬಿಟ್ಟು ನೋಡಿದ, ಇಪ್ಪತ್ತೈದು. ಗೆರೆ ಸರಿಯಾಗಿತ್ತು. ಗಾಳಿ ಬರುತ್ತಿತ್ತು, ಬಿಸಿಲು ಬೀಳುತ್ತಿತ್ತು. ಚಳಿ ಹತ್ತಿರಬೇಕೆಂದು ತೊಟ್ಟಿಗೆ ಕಂಬಳಿ ಸುತ್ತಿ, ಎರಡೂ ಮಗ್ಗುಲಿಗೆ ಬಿಸಿನೀರಿನ ಮಡಕೆ ಇಟ್ಟ. ಮಾರನೆಯ ವಾರ ಹವಳದ ಅಂಚು ಬಿಳಿಚಿಕೊಂಡಿತು. ಬಿಳಿ ದಿನದಿನಕ್ಕೂ ಮೇಲಕ್ಕೇರಿತು. ಅವನು ಮಗನಿಗೆ ಕಾರ್ಡು ಬರೆದ. ಇತ್ತ ಸಿದ್ದಲಿಂಗಮ್ಮ ಬೆಳಗಾಗೆದ್ದು ತೊಟ್ಟಿಯ ಮುಂದೆ ನಿಲ್ಲುವಳು, ಬಿಳಿ ಎಲ್ಲಿಯವರೆಗೆ ಬಂತು ನೋಡುವಳು, ಒಳಗೆ ಹೋಗುವಳು. ಅವಳ ಮುಖ ನೋಡಲು ಮಂಚಯ್ಯನಿಗೆ ಭಯವಾಗುತ್ತಿತ್ತು. ಯಾರ ಹಾಲಿಗೂ ಹೆದರದ ಮನುಷ್ಯ ತಾನೇ ಆಡಿದ ಒಂದು ಮಾತಿಗೆ ಹೆದರಿ ಕೂತಿದ್ದ.

ಡಿಸೆಂಬರ್ ಹದಿನೇಳರ ಮಧ್ಯಾಹ್ನ ಮಗನ ಉತ್ತರ ಬಂತು. ಎರಡೇ ಸಾಲು. ಅಳತೆ ಎಲ್ಲ ಸರಿಯಿದ್ದರೆ ತಾಮ್ರ ಏನಾದರೂ ಬಿದ್ದಿದೆಯಾ ನೋಡು, ನೀನು ಅವ್ವನಿಗೆ ಹೇಳಿದ್ದೆ ತಾನೆ? ಮಂಚಯ್ಯ ಕಾರ್ಡನ್ನು ಮಡಿಚಿ ಜೇಬಿಗೆ ಹಾಕಿ, ತೋಳು ಮಡಿಸಿ ತೊಟ್ಟಿಗೆ ಕೈಯಿಟ್ಟ. ಹವಳ ಎತ್ತಿದರೆ ಕೊಳೆತ ವಾಸನೆ. ಎಲ್ಲೂ ಜೀವವಿಲ್ಲ. ಅದರ ಬುಡದ ಮರಳಲ್ಲಿ ಬೆರಳಾಡಿಸಿದ. ಒಂದು, ಎರಡು, ಮೂರು. ಏಳು ತೂತುಕಾಸು, ಹಸಿರು ಹಿಡಿದವು. ಊರಲ್ಲಿ ಅವನ್ನು ಇನ್ನೂ ಕಾಪಾಡಿಕೊಂಡು ಬಂದವಳು ಒಬ್ಬಳೇ.

ಹಿಂದೆ ಸದ್ದಾಯಿತು. ಸಿದ್ದಲಿಂಗಮ್ಮ ಬಾಗಿಲಲ್ಲಿ ನಿಂತಿದ್ದಳು. ಅವನು ಮುಷ್ಟಿ ಬಿಗಿ ಮಾಡಿದ.

"ಓಯ್ತಾ?" ಅಂದಳು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ನಾನೇನಾರ ಮಾಡ್ಬುಟ್ನಾ? ನಿಜ ಏಳಿ," ಅಂದಳು.

ನಿಜ ಅವನ ಮುಷ್ಟಿಯಲ್ಲಿತ್ತು. ತೆರೆದರೆ, ಮಗನ ಉಸಿರೆಂದು ನಂಬಿದ್ದನ್ನು ತನ್ನ ಕೈಯಾರೆ ಕೊಂದೆ ಎಂಬುದನ್ನು ಹೊತ್ತು ಅವಳು ಬದುಕಬೇಕು. ಹಾಲಿನಲ್ಲಿ ಒಂದು ಚಮಚ ನೀರನ್ನೂ ಬಿಡದ ಮಂಚಯ್ಯ ಅವತ್ತು ಬಾಯಿ ತುಂಬ ಸುಳ್ಳು ಹೇಳಿದ.

"ನೀನೇನೂ ಮಾಡಿಲ್ಲ. ನಾನೇ ಕೆಡಿಸ್ದೆ. ಅಳ್ತೆ ನೋಡ್ದೆ ನೀರು ಉಯ್ದ್ಬುಟ್ಟೆ."

ಐದು ದಿನ ಹೀಗೇ ಕಳೆದವು. ಆರನೆಯ ರಾತ್ರಿ ರಾಮೇಶ್ವರದ ತುದಿಗೆ ಚಂಡಮಾರುತ ಬಡಿಯಿತು. ಕಡಲು ಊರ ಮೇಲೆ ಬಂದಿದೆ, ರೈಲಿನ ಸೇತುವೆ ಕಿತ್ತುಹೋಗಿದೆ ಎಂದು ಹೋಟೆಲಿನ ರೇಡಿಯೋ ಹೇಳಿದ್ದನ್ನು ಮಂಚಯ್ಯ ನಿಂತೇ ಕೇಳಿ, ಮನೆಗೆ ಬಂದು ಹೇಳದೆ ಉಳಿದ. ಹೇಳುವ ಅಗತ್ಯವೂ ಇರಲಿಲ್ಲ. ಅವಳು ಹವಳ ಸತ್ತ ದಿನವೇ ಕೊರಳಿನ ಹವಳದ ಸರ ಬಿಚ್ಚಿಟ್ಟಿದ್ದಳು. ವಾರದ ಮೇಲೆ ತಂತಿ ಬಂತು. ಆಫೀಸಿನ ಸಾಮಾನು ತರಲು ಆ ತುದಿಯ ಧನುಷ್ಕೋಟಿಗೆ ಹೋಗಿದ್ದ ನಾಗರಾಜು ಹಿಂತಿರುಗಲಿಲ್ಲ, ದೇಹವೂ ಸಿಕ್ಕಿಲ್ಲ.

ನೆರೆಮನೆಯ ಬೈರಮ್ಮ ಬಂದು ಅವಳನ್ನು ತಬ್ಬಿಕೊಂಡಳು. ಸಿದ್ದಲಿಂಗಮ್ಮ ಅಳಲಿಲ್ಲ. ಅವಳ ತೋಳು ಬಿಡಿಸಿಕೊಂಡು ಗಂಡನ ಎದುರಿಗೆ ಬಂದು ನಿಂತಳು. ಮದುವೆಯಾದಂದಿನಿಂದ ನೀವು ಎನ್ನುತ್ತಿದ್ದವಳು.

"ನನ್ ಮಗನ್ನ ನೀನೇ ಕೊಂದ್ಬುಟ್ಟೆ. ಊರೋರ ಆಲೆಲ್ಲ ಅಳೆಯೋ ನಿಂಗೆ ಅದೊಂದು ನೀರು ಅಳೆಯಕ್ಕಾಗ್ನಿಲ್ವಾ?"

ಅವನು ತಲೆ ತಗ್ಗಿಸಿದ. ಅದು ಹಾಗಲ್ಲ, ಹವಳಕ್ಕೂ ಬಿರುಗಾಳಿಗೂ ಸಂಬಂಧವಿಲ್ಲ ಎಂದು ಹೇಳಬಹುದಿತ್ತು. ಆದರೆ ಸಂಬಂಧ ಕಟ್ಟಿದವನು ಅವನೇ. ಮೇಲಾಗಿ, ತಾಮ್ರದ ಮಾತನ್ನು ಅವತ್ತೇ ಹೇಳಿದ್ದರೆ ಎಂಬುದು ಅವನನ್ನು ಒಳಗೇ ತಿನ್ನುತ್ತಿತ್ತು. ಹೇಳಿದ್ದು ಸುಳ್ಳಾದರೂ ತಪ್ಪು ತನ್ನದೇ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು.

ಅದೇ ಮನೆಯಲ್ಲಿ ಅವರು ಇನ್ನೂ ಒಂಬತ್ತು ವರ್ಷ ಬಾಳಿದರು. ಅವಳು ಹೊತ್ತಿಗೆ ಸರಿಯಾಗಿ ಮುದ್ದೆ ಬಡಿಸಿದಳು, ಮುಖ ನೋಡಲಿಲ್ಲ. ಬಿಳಿ ಹವಳವನ್ನು ದೇವರಗೂಡಿನಲ್ಲಿಟ್ಟು ತನ್ನ ಸರವನ್ನು ಅದಕ್ಕೆ ಸುತ್ತಿದ್ದಳು. ಬಂದವರಿಗೆಲ್ಲ ಅದನ್ನು ತೋರಿಸಿ, ಇದು ನಮ್ಮ ಮನೆಯವರು ಮಾಡಿದ ಕೆಲಸ ಎಂದು ಹೇಳುತ್ತಿದ್ದಳು. ಕಡ್ಡಿಗೆ ಸಿಕ್ಕಿಬಿದ್ದ ಹಾಲಿನವರು ಅದೇ ಮಾತನ್ನು ತಿರುಗಿ ಅವನ ಮುಖಕ್ಕೆ ಎಸೆಯುತ್ತಿದ್ದರು. ಮಂಚಯ್ಯ ಕೇಳಿಸಿಕೊಂಡು, ಕಡ್ಡಿ ಒರೆಸಿ, ಮುಂದಿನ ಪಾತ್ರೆಗೆ ಬಿಡುತ್ತಿದ್ದ. ಏಳು ಕಾಸು ಅವನ ಅಂಗಿಯ ಒಳಜೇಬಿನಲ್ಲಿ ಇದ್ದೇ ಇದ್ದವು.

೧೯೭೩ರ ಕಾರ್ತಿಕದಲ್ಲಿ ಸಿದ್ದಲಿಂಗಮ್ಮ ಹಾಸಿಗೆ ಹಿಡಿದಳು. ಕೊನೆಗಳಿಗೆ ಎಂದಾಗ ಬೈರಮ್ಮ ಅವನನ್ನು ಕರೆದು, ಬಾಯಿಗೆ ನೀರು ಬಿಡಲು ಹೇಳಿದಳು. ಅವನು ತಾಮ್ರದ ಚೊಂಬು ಹಿಡಿದು ಬಗ್ಗಿದ. ಅವಳು ಕಣ್ಣು ತೆರೆದು ನೋಡಿ, ತುಟಿ ಬಿಗಿದುಕೊಂಡಳು. ನೀರು ಗಲ್ಲದ ಮೇಲೆ ಇಳಿದುಹೋಯಿತು. ಆಗಲೂ ಅವನ ಬಾಯಿಂದ ಆ ಮಾತು ಬರಲಿಲ್ಲ. ಬೈರಮ್ಮ ಬಿಟ್ಟ ನೀರನ್ನು ಅವಳು ಗುಟುಕರಿಸಿದಳು.

ಮಣ್ಣು ಮಾಡಿ ಬಂದ ಮಾರನೆಯ ದಿನ ಮಂಚಯ್ಯ ಏಳು ಕಾಸನ್ನು ಅವಳ ಡಬ್ಬಿಯಲ್ಲಿ ಉಳಿದವುಗಳ ಜೊತೆ ಸೇರಿಸಿಬಿಟ್ಟ. ಗೂಡು ಒರೆಸಲು ಬಂದ ಬೈರಮ್ಮ ಡಬ್ಬಿ ತೆಗೆದು ನೋಡಿ, ಅಕ್ಕ ಎಲ್ಲವನ್ನೂ ತಿಕ್ಕಿ ಬೆಳಗಿ ಇಟ್ಟಿದ್ದಾಳೆ, ಈ ಏಳು ಮಾತ್ರ ಯಾಕೆ ಹಿಂಗೆ ಹಸಿರು ಹಿಡಿದವೆ ಎಂದು ಕೇಳಿದಳು.

"ಉಪ್ಪು ತಗುಲಿರ್ಬೇಕು ಬುಡವ್ವ," ಅಂದ ಮಂಚಯ್ಯ. ಸಂಜೆಯ ಹಾಲಿನ ಹೊತ್ತಾಗಿತ್ತು. ಗೂಟದಿಂದ ಅಂಗಿ ತೆಗೆದುಕೊಂಡು ಕೇಂದ್ರದ ಕಡೆಗೆ ನಡೆದ.