ತಗಡಿನ ಸದ್ದು ಅಡಗಿಸುವ ಟಾಪಣ್ಣ

ಬಿಸಿಲು ಏರುವ ಮೊದಲೇ ಟಾಪಣ್ಣ ಹಳೇ ಕಾರಿನೊಳಗೆ ಅಂಗಾತ ಮಲಗಿಯಾಗಿದೆ. ಸೀಟು ಕಿತ್ತಿಟ್ಟ ಜಾಗದಲ್ಲಿ ಹಲಗೆ, ಹಲಗೆಯ ಮೇಲೆ ಕಂಬಳಿ, ಕಂಬಳಿಯ ಮೇಲೆ ಅವರ ಬೆನ್ನು. ಮೂಗಿನಿಂದ ಗೇಣು ದೂರದಲ್ಲಿ ಟಾಪಿನ ಬರೀ ತಗಡು. ಅದು ಕಾದರೆ ಗೋಂದು ಹಚ್ಚುತ್ತಿದ್ದ ಹಾಗೇ ಒಣಗಿ, ಅಂಟಿಸಿದ್ದೆಲ್ಲ ತಿಂಗಳಲ್ಲೇ ಕೂತವರ ತಲೆ ಮೇಲೆ ಬೀಳುತ್ತದೆ. ಅದಕ್ಕೇ ಅವರ ದಿನ ಊರಿಗಿಂತ ಮುಂಚೆ ಶುರು.

ಹಳೇ ಕಾರುಗಳ ಟಾಪಿಗೆ ಒಳಗಿಂದ ಶಾಖ, ಸದ್ದು ತಡೆಯುವ ಹಾಳೆ ಅಂಟಿಸುವುದು ಇವರ ಕಸುಬು. ಒಂದು ಕಾರಿಗೆ ನಾಲ್ಕು ದಿನ. ಹಳೇ ಹೊದಿಕೆಯ ಕೊಳೆತ ಉಣ್ಣೆ ಕೆರೆದು, ತುಕ್ಕು ಉಜ್ಜಿ, ಡಾಂಬರಿನಂಥ ಭಾರದ ಹಾಳೆಯ ಇಪ್ಪತ್ತಾರು ತುಂಡು ಒತ್ತಬೇಕು. ಅದರ ಮೇಲೆ ಸ್ಪಂಜು, ಆಮೇಲೆ ಟಾಪಿನ ಅಡ್ಡಕ್ಕೆ ಕೂರಿಸುವ ಕಮಾನು ಕಂಬಿಗಳಿಗೆ ಸಿಕ್ಕಿಸಿದ ಬಟ್ಟೆ. ಐದು ಕಂಬಿಗೂ ಉದ್ದ ಬೇರೆ ಬೇರೆ. ಒಂದು ಅದಲುಬದಲಾದರೂ ಬಟ್ಟೆ ಜೋಲುತ್ತದೆ.

"ಬಣ್ಣ ಹೊಡೆದವನನ್ನ ಎಲ್ಲರೂ ಹೊಗಳ್ತಾರೆ. ಕಾರಲ್ಲಿ ಕೂತು ತಲೆ ಎತ್ತಿ ನೋಡೋರು ಯಾರು ಹೇಳಿ? ನೋಡಿದ್ರು ಅಂದ್ರೆ ಏನೋ ಕೆಟ್ಟಿದೆ ಅಂತಲೇ ಲೆಕ್ಕ" ಅನ್ನುತ್ತಾರೆ ಟಾಪಣ್ಣ.

ಈ ಕೆಲಸಕ್ಕೆ ಬರುವ ಮುಂಚೆ ಹದಿನೆಂಟು ವರ್ಷ ಅವರು ಸುತ್ತಿಗೆ ಹಿಡಿದು ನೆಗ್ಗಿದ ತಗಡು ಬಡಿದವರು. ಆ ಬಡಿತ ಕೈಗೆ ಕಸುವು ಕೊಟ್ಟಿತು, ಕಿವಿಯದನ್ನು ಸದ್ದಿಲ್ಲದೆ ಕಿತ್ತುಕೊಂಡಿತು. ದಬ್ ಅನ್ನುವ ದಪ್ಪ ಸದ್ದು ಕೇಳುತ್ತದೆ, ಸಣ್ಣ ಝಣಝಣ ಕೇಳುವುದಿಲ್ಲ. ಅದು ಅವರಿಗೇ ಗೊತ್ತಿರಲಿಲ್ಲ.

ಗೊತ್ತು ಮಾಡಿಸಿದ್ದು ಇದೇ ಕಾರು. ಕಾರು ನಿವೃತ್ತ ಮೇಷ್ಟರದ್ದು. ಮಂಡಿ ಮಡಿಸಲಾಗದ ಅವರ ಹೆಂಡತಿ ಹಿಂದಿನ ಸೀಟಿನಲ್ಲೇ ಕಾಲು ಚಾಚಿ ಕೂರಬೇಕು. ಆಕೆ ಹಿಂದೆ ಆಡಿದ ಮಾತು ತಗಡಿನ ಗದ್ದಲದಲ್ಲಿ ಮುಂದೆ ಕಾರು ಓಡಿಸುವ ಮೇಷ್ಟರಿಗೆ ಮುಟ್ಟುವುದಿಲ್ಲ. ಹೋದ ತಿಂಗಳು ಟಾಪಣ್ಣ ಕೆಲಸ ಮುಗಿಸಿ, ಗೆಣ್ಣಿನಿಂದ ಟಾಪು ತಟ್ಟಿ, "ದಬ್ ಅಂತಿದೆ, ಮೌನವಾಗಿದೆ, ತಗೊಂಡು ಹೋಗಿ" ಅಂದಿದ್ದರು. ವಾರಕ್ಕೇ ಮೇಷ್ಟರು ವಾಪಸು ಬಂದು, ಹಿಂದಿನ ಸೀಟಿನ ನೆತ್ತಿಯ ತಗಡು ಇನ್ನೂ ತಟ್ಟೆ ಬಡಿದ ಹಾಗೆ ಝಣಗುಟ್ಟುತ್ತಿದೆ ಎಂದರು. ಟಾಪಣ್ಣ ಮತ್ತೆ ತಟ್ಟಿದರು. ಅವರಿಗೆ ಮತ್ತೆ ದಬ್ ಅಂತಲೇ ಕೇಳಿಸಿತು. ಷೆಡ್ಡಿನ ಮೂಲೆಯಲ್ಲಿ ಟಾಪಿನ ಬಟ್ಟೆ ಹೊಲಿಯುತ್ತಿದ್ದ ಟಾಪಣ್ಣನ ಹೆಂಡತಿ ಮಷಿನ್ನು ನಿಲ್ಲಿಸಿ ತಲೆ ಎತ್ತಿದರು; ಆಕೆಗೆ ಕೇಳಿಸಿದ್ದು ಝಣ.

"ಮನೇಲಿ ನಾನು ಕರೆದ್ರೆ ಬೇಕಂತಲೇ ಕೇಳಿಸಿಕೊಳ್ಳಲ್ಲ ಅಂತ ಎರಡು ವರ್ಷ ಬೈದಿದೀನಿ. ಅವತ್ತು ಬೈದಿದ್ದೆಲ್ಲ ವಾಪಸು ತಗೊಂಡೆ. ಎಲ್ಲ ಅಂದ್ರೆ ಎಲ್ಲ ಅಲ್ಲ, ಅರ್ಧ" ಅನ್ನುತ್ತಾರೆ ಆಕೆ ಈಗ.

ಅವತ್ತು ಟಾಪಣ್ಣ ಊಟ ಮಾಡಲಿಲ್ಲ. ಈ ಕಾರು ಇನ್ನೊಂದು ಸಲ ವಾಪಸು ಬಂದರೆ ಕತ್ತರಿ ಕೆಳಗಿಟ್ಟು ಕಸುಬೇ ಬಿಡುತ್ತೇನೆ ಅಂದುಬಿಟ್ಟರು. ಹೆಂಡತಿ ಮಷಿನ್ನಿನಿಂದ ಎದ್ದು ಬಂದು ಕಾರಿನ ಪಕ್ಕ ನಿಂತರು. ಅಂದಿನಿಂದ ಇವರು ಒಳಗೆ ಮಲಗಿ ತಗಡಿಗೆ ಅಂಗೈ ಒತ್ತಿ ನಡುಕ ಹುಡುಕುತ್ತಾರೆ; ಆಕೆ ಹೊರಗಿಂದ ತಟ್ಟಿ, ಝಣ ಅಂದ ಕಡೆ ಸೀಮೆಸುಣ್ಣದ ಗುರುತು ಹಾಕುತ್ತಾರೆ. ಹಿಂದಿನ ಸೀಟಿನ ನೆತ್ತಿಯಲ್ಲೇ ಸಿಕ್ಕಿದ್ದು ಏಳು ಗುರುತು. ಏಳೂ ಕಡೆ ಹಾಳೆ ತಗಡಿಗೆ ಹಿಡಿದೇ ಇರಲಿಲ್ಲ. ಇವತ್ತು ಅಂಟಿಸುತ್ತಿರುವುದು ಏಳನೆಯದು.

ಮರುದಿನ ಸೀಟು, ಬಟ್ಟೆ ಎಲ್ಲ ಕೂರಿಸಿದ ಮೇಲೆ ಕೊನೆಯ ಪರೀಕ್ಷೆ. ಮೇಷ್ಟರು ಹತ್ತು ಗಂಟೆಗೆ ಬರುವವರು. ಟಾಪಣ್ಣ ಸ್ಟೇರಿಂಗಿಗೆ ಕೂತು, ಹೆಂಡತಿಯ ತುಟಿ ನೋಡಿ ಮಾತು ತಿಳಿದುಕೊಂಡ ಹಾಗಾಗಬಾರದು ಅಂತ ಒಳಗಿನ ಕನ್ನಡಿಯನ್ನು ಮೇಲಕ್ಕೆ ತಿರುಗಿಸುತ್ತಾರೆ. ಹೆಂಡತಿ ಹಿಂದೆ, ಮೇಷ್ಟರ ಹೆಂಡತಿಯ ಹಾಗೇ ಕಾಲು ಚಾಚಿ. ಕಾರು ಜಲ್ಲಿ ಹಾಸಿದ ರಸ್ತೆಗೆ ಇಳಿಯುತ್ತದೆ. ಸ್ವಲ್ಪ ದೂರ ಹೋದ ಮೇಲೆ ಆಕೆ ಅಡುಗೆಮನೆಯಲ್ಲಿ ತನ್ನಷ್ಟಕ್ಕೇ ಅಂದುಕೊಳ್ಳುವ ದನಿಯಲ್ಲಿ, "ರೀ, ಉಪ್ಪು ಮುಗಿದಿದೆ" ಅನ್ನುತ್ತಾರೆ.

"ಮೊನ್ನೆ ತಾನೇ ತಂದಿದೀನಲ್ಲೇ" ಅನ್ನುತ್ತಾರೆ ಟಾಪಣ್ಣ, ರಸ್ತೆಯಿಂದ ಕಣ್ಣು ತೆಗೆಯದೆ.

ಇಬ್ಬರಿಗೂ ಅರ್ಥವಾಗುವುದಕ್ಕೆ ಒಂದು ಗಳಿಗೆ ಬೇಕಾಗುತ್ತದೆ. ಟಾಪಣ್ಣ ಕಾರು ಪಕ್ಕಕ್ಕೆ ನಿಲ್ಲಿಸಿ, ಕನ್ನಡಿಯನ್ನು ನಿಧಾನವಾಗಿ ಮೊದಲಿನ ಜಾಗಕ್ಕೆ ತರುತ್ತಾರೆ.

"ಈ ಕಿವಿಗೇ ಕೇಳಿಸ್ತು ಅಂದ್ಮೇಲೆ, ಮೇಷ್ಟರಿಗೆ ಕೇಳಿಸದೆ ಇರುತ್ತಾ?"